ತೂಕ ಇಳಿಸುವ ಆಪರೇಷನ್ ಆಗಿ ಆರು ವರ್ಷ, ಈಗ ಮತ್ತೆ ತೂಕ ಏರಿದೆ: ಹೊಟ್ಟೆ ಹಿಗ್ಗಿದೆಯಾ?

ಪ್ರಶ್ನೆ: ಆರು ವರ್ಷದ ಹಿಂದೆ ಬೆಂಗಳೂರಿನಲ್ಲಿ ಸ್ಲೀವ್ ಆಪರೇಷನ್ (ಜಠರದ ಬಹುಭಾಗ ಕತ್ತರಿಸಿ ತೆಗೆಯುವುದು) ಮಾಡಿಸಿಕೊಂಡೆ. 118 ಕೆ.ಜಿ. ಇದ್ದವಳು 76ಕ್ಕೆ ಇಳಿದಿದ್ದೆ. ಈಗ 89 ಆಗಿದ್ದೇನೆ. ಹೊಟ್ಟೆ ಮತ್ತೆ ಹಿಗ್ಗಿದೆಯಾ? ಐದು ದಿನ ಬರೀ ಗಂಜಿ, ಮಜ್ಜಿಗೆ ಕುಡಿದರೆ ಅದು ಮೊದಲಿನಷ್ಟಕ್ಕೆ ಕುಗ್ಗುತ್ತದೆ ಅಂತ ಗೊತ್ತಿದ್ದವರು ಹೇಳಿದರು. ಮಾಡಲಾ?
(ಸಿರುಗುಪ್ಪದ ಓದುಗರು)

ಉತ್ತರ: ಮಾಡಬೇಡಿ.

ಇದೇ ಪ್ರಶ್ನೆ ಸಿಂಧನೂರಿನಿಂದ ಬರುತ್ತದೆ, ಗಂಗಾವತಿಯಿಂದ ಬರುತ್ತದೆ, ಬಳ್ಳಾರಿಯೊಳಗಿಂದಲೂ ಬರುತ್ತದೆ. ಬದಲಾಗುವುದು ದಿನದ ಲೆಕ್ಕ ಮಾತ್ರ. ಒಬ್ಬರಿಗೆ ಮೂರು ದಿನ, ಒಬ್ಬರಿಗೆ ಐದು, ಇನ್ನೊಬ್ಬರಿಗೆ ಹತ್ತು. ಹೇಳಿ ಹೇಳಿ ಸಾಕಾಗಿದೆ. ಹಾಗಾಗಿ ಇವತ್ತು ಪೂರ್ತಿ ಬರೆದುಬಿಡುತ್ತೇನೆ, ಕೇಳಿದವರಿಗೆಲ್ಲ ಇದನ್ನೇ ತೋರಿಸಿ.

ಮೊದಲು ನಿಮ್ಮ ತೂಕದ ಲೆಕ್ಕ ನೋಡೋಣ. 42 ಕೆ.ಜಿ. ಇಳಿದಿತ್ತು, 13 ವಾಪಸ್ ಬಂದಿದೆ. ಅಂದರೆ ಆಪರೇಷನ್‌ಗೆ ಮುಂಚೆ ಇದ್ದದ್ದಕ್ಕಿಂತ ಇವತ್ತಿಗೂ 29 ಕೆ.ಜಿ. ಕಡಿಮೆ ಇದ್ದೀರಿ. ಎಲ್ಲ ನೀರಲ್ಲಿ ಹೋಮ ಆಯಿತು ಅಂತ ಅಳುವಂಥದ್ದೇನೂ ಆಗಿಲ್ಲ. ಆಪರೇಷನ್ ಆದ ಒಂದೆರಡು ವರ್ಷದಲ್ಲಿ ತೂಕ ಅತಿ ಕಡಿಮೆಗೆ ಬರುತ್ತದೆ, ಆಮೇಲೆ ಸ್ವಲ್ಪ ಏರುವುದು ತುಂಬಾ ಜನರಲ್ಲಿ ಇದ್ದದ್ದೇ. ಸ್ವೀಡನ್ನಿನಲ್ಲಿ 1987ರಲ್ಲಿ ಶುರುವಾದ ಒಂದು ದೊಡ್ಡ ಅಧ್ಯಯನವಿದೆ. ಅದರಲ್ಲಿ ಬೈಪಾಸ್ (ಹೃದಯದ್ದಲ್ಲ, ಜಠರ ಚಿಕ್ಕದು ಮಾಡಿ ಕರುಳಿಗೆ ಜೋಡಿಸುವ ತೂಕ ಇಳಿಸುವ ಆಪರೇಷನ್) ಮಾಡಿಸಿಕೊಂಡವರು ಮೊದಲ ಒಂದೆರಡು ವರ್ಷದಲ್ಲಿ ಸರಾಸರಿ ಶೇ 32ರಷ್ಟು ತೂಕ ಇಳಿಸಿದ್ದರು. ಹತ್ತು ವರ್ಷದ ಹೊತ್ತಿಗೆ ಆ ಇಳಿಕೆ ಶೇ 25ಕ್ಕೆ ಬಂದಿತ್ತು. ನಿಮ್ಮದು ಸ್ಲೀವ್, ಅವರದು ಬೈಪಾಸ್, ನಿಜ. ಆದರೂ ನಿಮ್ಮ ಇಳಿಕೆ ಈಗಲೂ ಹೆಚ್ಚು ಕಡಿಮೆ ಶೇ 25 ಇದೆ. ಇದು ಸೋಲಲ್ಲ.

ಈಗ ಹಿಗ್ಗುವ ಹೊಟ್ಟೆಯ ವಿಷಯ. ಜಠರವನ್ನು ಬಲೂನು ಅಂದುಕೊಂಡಿರುವುದೇ ಇಲ್ಲಿ ದೊಡ್ಡ ತಪ್ಪು. ಜಾಸ್ತಿ ತಿಂದರೆ ಊದಿಕೊಳ್ಳುತ್ತದೆ, ಖಾಲಿ ಬಿಟ್ಟರೆ ಕುಗ್ಗುತ್ತದೆ ಅನ್ನುವ ನಂಬಿಕೆ. ಸ್ಲೀವ್ ಆಪರೇಷನ್‌ನಲ್ಲಿ ಜಠರದ ಮುಕ್ಕಾಲು ಭಾಗ, ಕೆಲವೊಮ್ಮೆ ಇನ್ನೂ ಸ್ವಲ್ಪ ಜಾಸ್ತಿಯನ್ನೇ ಕತ್ತರಿಸಿ ತೆಗೆಯುತ್ತಾರೆ. ಅತಿ ಸುಲಭವಾಗಿ ಹಿಗ್ಗುವ ಮೇಲ್ಭಾಗ ಹೋಗುವುದೂ ಆಗಲೇ. ಮೊದಲ ತಿಂಗಳುಗಳಲ್ಲಿ ಒಳಗೆ ಬಾವು ಇರುತ್ತದೆ, ಹೊಲಿಗೆ ಬಿಗಿಯಾಗಿರುತ್ತದೆ. ಅದಕ್ಕೇ ಆಗ ಎರಡು ಚಮಚ ತಿಂದರೂ ಸಾಕು ಅನ್ನಿಸುತ್ತದೆ. ಬಾವು ಇಳಿದ ಮೇಲೆ ಒಂದು ರೊಟ್ಟಿ ಹಿಡಿಯುತ್ತದೆ. ಅದು ಹಿಗ್ಗಿದ್ದಲ್ಲ, ವಾಸಿಯಾಗಿದ್ದು. ಒಂದು ಮದುವೆ ಊಟದಲ್ಲಿ ಎರಡು ಹೋಳಿಗೆ ತಿಂದಿದ್ದಕ್ಕೆ ಜಠರ ಕಾಯಂ ದೊಡ್ಡದಾಗುವುದಿಲ್ಲ.

ವರ್ಷಗಳು ಕಳೆದಂತೆ ಕೆಲವರಿಗೆ ಸ್ಲೀವ್, ಅಂದರೆ ಉಳಿದ ಜಠರ, ನಿಜಕ್ಕೂ ಅಗಲ ಆಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಅದು ಎಂಡೋಸ್ಕೋಪಿಯಲ್ಲೋ ಬೇರಿಯಂ ಕುಡಿಸಿ ತೆಗೆಯುವ ಎಕ್ಸ್‌ರೇಯಲ್ಲೋ ಕಾಣಬೇಕು. ಬ್ಲೌಸ್ ಬಿಗಿಯಾಯಿತು ಅಂತ ಊಹೆ ಮಾಡುವ ವಿಷಯ ಅಲ್ಲ. ಅಗಲ ಆದವರೆಲ್ಲ ದಪ್ಪ ಆಗುವುದಿಲ್ಲ. ಮತ್ತೆ ದಪ್ಪ ಆದವರೆಲ್ಲರ ಜಠರ ಅಗಲ ಆಗಿರುವುದೂ ಇಲ್ಲ. ಅಗಲ ಆಗಿದ್ದರೂ ಗಂಜಿ ಕುಡಿದರೆ ಅದು ಕುಗ್ಗುವುದಿಲ್ಲ. ಹಾಗೆ ಕುಗ್ಗುವಂತಿದ್ದರೆ ಯಾರಾದರೂ ಆಪರೇಷನ್ ಯಾಕೆ ಮಾಡಿಸಿಕೊಳ್ಳುತ್ತಿದ್ದರು, ಹೇಳಿ?

"ಆದರೆ ನಮ್ಮ ಅತ್ತಿಗೆ ಐದು ದಿನದಲ್ಲಿ ಮೂರು ಕೆ.ಜಿ. ಇಳಿದರಲ್ಲ" ಅನ್ನುತ್ತೀರಿ. ಇಳಿದಿರುತ್ತಾರೆ. ಊಟ ಕಡಿಮೆಯಾದಾಗ ದೇಹ ಮೊದಲು ಲಿವರ್ ಮತ್ತು ಮಾಂಸಖಂಡದಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆ ದಾಸ್ತಾನನ್ನು ಖರ್ಚು ಮಾಡುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ. ತಕ್ಕಡಿಯಲ್ಲಿ ಕಡಿಮೆಯಾಗಿದ್ದರಲ್ಲಿ ಬಹುಪಾಲು ಆ ನೀರೇ. ಆರನೇ ದಿನ ಅನ್ನ ತಿಂದರೆ ವಾಪಸ್. ಗಂಜಿಯಲ್ಲಿ ಪಿಷ್ಟ ಬಿಟ್ಟರೆ ಬೇರೇನೂ ಅಷ್ಟಾಗಿ ಇಲ್ಲ. ನಿಮಗೆ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು. ಅದು ಸಿಗದಿದ್ದರೆ ಮಾಂಸಖಂಡ ಕರಗುತ್ತದೆ, ಮಾಂಸಖಂಡ ಕಡಿಮೆಯಾದಷ್ಟೂ ದೇಹ ಸುಡುವ ಕ್ಯಾಲೊರಿಯೂ ಕಡಿಮೆ. ತೂಕ ಇಳಿಸಲು ಮಾಡಿದ್ದೇ ಮುಂದೆ ತೂಕ ಏರಲು ದಾರಿ ಆಗುತ್ತದೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತಗೊಳ್ಳುವವರಿಗಂತೂ ಶುಗರ್ ಕುಸಿದು ಬೀಳುವ ಅಪಾಯ. ಇದನ್ನೆಲ್ಲ ನಮ್ಮ ಏಪ್ರಿಲ್ ಬಿಸಿಲಲ್ಲಿ ಮಾಡುತ್ತಾರೆ, ನನಗೆ ಭಯ ಆಗುತ್ತದೆ.

ಹಾಗಾದರೆ ತೂಕ ಯಾಕೆ ಏರಿತು? ಒಂದು, ದೇಹದ ಸ್ವಭಾವ. ತುಂಬಾ ತೂಕ ಇಳಿದ ದೇಹ ಖರ್ಚು ಕಡಿಮೆ ಮಾಡಿಕೊಂಡು ಹಸಿವು ಜಾಸ್ತಿ ಮಾಡುತ್ತದೆ. ಇದಕ್ಕೆ ನಿಮ್ಮ ಮನಸ್ಸು ಗಟ್ಟಿ ಇಲ್ಲ ಅಂತ ಬೈಯುವವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ. ಇನ್ನೊಂದು, ಲೆಕ್ಕಕ್ಕೆ ಬರದ ತಿನಿಸು. ಒಬ್ಬ ಅಕ್ಕ ನಾನು ಹೇಳಿದಂತೆ ತಿಂದದ್ದನ್ನೆಲ್ಲ ಬರೆದುಕೊಂಡು ಬಂದಿದ್ದರು. ಮಧ್ಯಾಹ್ನ ಒಂದು ಜೋಳದ ರೊಟ್ಟಿ, ಪುಂಡಿ ಪಲ್ಯ, ಹೆಸರುಕಾಳು. ರಾತ್ರಿ ಅರ್ಧ ರೊಟ್ಟಿ, ಬೇಳೆ. ತಪ್ಪು ಹುಡುಕಲು ಏನೂ ಇಲ್ಲ. ನಾಲ್ಕರಿಂದ ಎಂಟು ಗಂಟೆವರೆಗೆ ಪುಟ ಖಾಲಿ. ಆಗ ಏನೂ ತಿನ್ನಲ್ವಾ ಅಂತ ಕೇಳಿದೆ. ಸಕ್ಕರೆ ಹಾಕಿದ ಚಹಾ ಮೂರು ಸಲ, ಅದರಲ್ಲಿ ಅದ್ದಿದ ಬಿಸ್ಕತ್ತು, ಅಡುಗೆ ಮಾಡುತ್ತಾ ಡಬ್ಬಿಯಿಂದ ಮಂಡಾಳು ಒಗ್ಗರಣೆ, ಒಂದು ಮಿರ್ಚಿ. "ಅದೇನು ಊಟ ಅಲ್ಲಲ್ರೀ ಮೇಡಂ" ಅಂದರು.

ಸ್ಲೀವ್ ಆದವರು ಎಡವುವುದೇ ಇಲ್ಲಿ. ರೊಟ್ಟಿ, ಕಾಳು, ಮೊಟ್ಟೆ ನಿಧಾನಕ್ಕೆ ಇಳಿಯುತ್ತವೆ, ಹೊಟ್ಟೆ ತುಂಬಿದ ಹಾಗಾಗುತ್ತದೆ. ಚಹಾದಲ್ಲಿ ನೆನೆದ ಬಿಸ್ಕತ್ತು, ಶರಬತ್ತು, ಕಬ್ಬಿನ ಹಾಲು ಜಠರ ಎಷ್ಟೇ ಚಿಕ್ಕದಿದ್ದರೂ ಸರ್ರನೆ ಜಾರಿ ಹೋಗುತ್ತವೆ. ಊಟದ ಮಧ್ಯೆ ನೀರು ಕುಡಿದರೂ ಹಾಗೇ. ಊಟವಾಗಿ ಅರ್ಧ ಗಂಟೆ ಬಿಟ್ಟು ಕುಡಿಯಿರಿ.

ನಿಮಗೆ ನನ್ನ ಸಲಹೆ: ಒಂದು ವಾರ ಆ ಸಂಜೆಯ ಪುಟ ತುಂಬಿಸಿ. ಪ್ರತಿ ಊಟದಲ್ಲಿ ಕಾಳು, ಮೊಟ್ಟೆ, ಮೊಸರು ಅಥವಾ ಮಾಂಸ ಮೊದಲು, ರೊಟ್ಟಿ ಅನ್ನ ಆಮೇಲೆ. ವಾಕಿಂಗ್ ಜೊತೆ ವಾರಕ್ಕೆರಡು ದಿನವಾದರೂ ಭಾರ ಎತ್ತುವ ವ್ಯಾಯಾಮ ಮಾಡಿ. ಥೈರಾಯ್ಡ್ ಪರೀಕ್ಷೆ ಮಾಡಿಸಿ. ಸ್ಟೀರಾಯ್ಡ್, ಇನ್ಸುಲಿನ್, ಕೆಲವು ಮಾನಸಿಕ ಕಾಯಿಲೆಯ ಮಾತ್ರೆಗಳೂ ತೂಕ ಏರಿಸುತ್ತವೆ. ಅವನ್ನು ನೀವೇ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ. ಇಷ್ಟಾದರೂ ಏರುತ್ತಲೇ ಇದ್ದರೆ ಆಪರೇಷನ್ ಮಾಡಿದವರನ್ನು ಭೇಟಿಯಾಗಿ. ಈಗ ತೂಕ ಇಳಿಸಲು ವಾರಕ್ಕೊಮ್ಮೆಯ ಇಂಜೆಕ್ಷನ್‌ಗಳಿವೆ, ಅಂಥದ್ದೇ ಒಂದಾದ ಟಿರ್ಜೆಪಟೈಡ್ 2025ರಲ್ಲಿ ಭಾರತಕ್ಕೂ ಬಂತು. ಡಾಕ್ಟರ್ ಬರೆದುಕೊಟ್ಟರೆ ಮಾತ್ರ ತಗೊಳ್ಳುವಂಥದ್ದು, ನಿಲ್ಲಿಸಿದರೆ ತೂಕ ವಾಪಸ್ ಬರುವುದುಂಟು. ಎರಡನೇ ಆಪರೇಷನ್ ಕೊನೆಯ ಮಾತು, ಅದರ ಅಪಾಯ ಮೊದಲನೆಯದಕ್ಕಿಂತ ಜಾಸ್ತಿ.

ನೀವು ಕೇಳಲಿಲ್ಲ, ಆದರೆ ನಾನು ಕೇಳುತ್ತೇನೆ: ವಿಟಮಿನ್ ಮಾತ್ರೆ ತಗೊಳ್ಳುತ್ತಿದ್ದೀರಾ? ಬೆಂಗಳೂರಿಗೋ ಹೈದರಾಬಾದಿಗೋ ಹೋಗಿ ಆಪರೇಷನ್ ಮಾಡಿಸಿಕೊಂಡವರು ಎರಡು ವರ್ಷ ಚೆಕಪ್‌ಗೆ ಹೋಗುತ್ತಾರೆ. ದೂರ ಅಂತ ಬಿಡುತ್ತಾರೆ, ಜೊತೆಗೆ ಮಾತ್ರೆಯನ್ನೂ ಬಿಡುತ್ತಾರೆ. "ಇಷ್ಟು ದಪ್ಪ ಇದ್ದೇನೆ, ನನಗೆಲ್ಲಿ ಕೊರತೆ" ಅಂತಾರೆ. ದಪ್ಪ ಇದ್ದವರಿಗೂ ಕೊರತೆ ಆಗುತ್ತದೆ. ಬಿ12 ಹೀರಿಕೊಳ್ಳಲು ಜಠರದ ಆಮ್ಲವೂ ಅಲ್ಲಿ ತಯಾರಾಗುವ ಒಂದು ಪ್ರೋಟೀನೂ ಬೇಕು. ನಿಮ್ಮಲ್ಲಿ ಈಗ ಎರಡೂ ಕಡಿಮೆ. ಲಿವರ್‌ನಲ್ಲಿ ಕೂಡಿಟ್ಟದ್ದು ವರ್ಷಗಟ್ಟಲೆ ಬರುವುದರಿಂದ ಕೊರತೆ ತಡವಾಗಿ ಗೊತ್ತಾಗುತ್ತದೆ. ಕಾಲು ಜೋಮು ಹಿಡಿಯುವುದು, ಸುಸ್ತು, ಮರೆವು ಇದ್ದರೆ ವಯಸ್ಸಾಯಿತು ಅಂದುಕೊಳ್ಳಬೇಡಿ. ಬಿ12, ಕಬ್ಬಿಣಾಂಶ, ವಿಟಮಿನ್ ಡಿ, ಕ್ಯಾಲ್ಸಿಯಂ ವರ್ಷಕ್ಕೊಮ್ಮೆ ನೋಡಿಸಿ. ಇದಕ್ಕೆ ಬೆಂಗಳೂರಿಗೆ ಹೋಗಬೇಕಿಲ್ಲ, ರಕ್ತ ಬಳ್ಳಾರಿಯಲ್ಲೇ ಕೊಡಬಹುದು.

ತೂಕ ಏರಿದ ಮೇಲೆ ಮಂಡಿ ನೋವೂ ಬಂದಿರುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ನೋವಿನ ಮಾತ್ರೆ ನುಂಗಬೇಡಿ. ಡೈಕ್ಲೋಫೆನಾಕ್, ಐಬುಪ್ರೊಫೇನ್ ಥರದವು ಬೈಪಾಸ್ ಆದವರಿಗೆ ಕರುಳು ಜೋಡಿಸಿದ ಜಾಗದಲ್ಲಿ ಹುಣ್ಣು ಮಾಡಬಲ್ಲವು. ಸ್ಲೀವ್ ಆದವರೂ ಕೇಳಿಯೇ ತಗೊಳ್ಳಬೇಕು. ಡಿಸ್ಚಾರ್ಜ್ ಪೇಪರ್‌ನ ಫೋಟೋ ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ಹಲ್ಲಿಗಾಗಲಿ ಮಂಡಿಗಾಗಲಿ ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಅದನ್ನು ತೋರಿಸಿ, ಆಮೇಲೆ ಮಾತ್ರೆ ಬರೆಸಿಕೊಳ್ಳಿ.