ನಿಂತ ಟಿಪ್ಪರ್ ಹೇಳುವ ಲೆಕ್ಕ

1990ರ ದಶಕದ ಕೊನೆಯ ಹೊತ್ತಿಗೆ ಜಪಾನಿನಲ್ಲಿ ಒಂದು ವಿಚಿತ್ರ ಕಳ್ಳತನ ಶುರುವಾಯಿತು. ಕಳ್ಳರು ಕಟ್ಟಡದ ಸೈಟುಗಳಿಂದ ಎಕ್ಸ್‌ಕವೇಟರ್ (ನಮ್ಮಲ್ಲಿ ಹಿಟಾಚಿ ಅಂತ ಕರೆಯುವ, ಮಣ್ಣು ಅಗೆಯುವ ಯಂತ್ರ) ಕದ್ದು, ಅದರಿಂದಲೇ ಎಟಿಎಂ ಒಡೆದು ಹಣ ಹೊತ್ತೊಯ್ಯುತ್ತಿದ್ದರು. ಆ ಯಂತ್ರಗಳನ್ನು ತಯಾರಿಸುವ ಕೊಮಾಟ್ಸು ಕಂಪನಿ ಇದಕ್ಕೊಂದು ಮದ್ದು ಹುಡುಕಿತು. ಯಂತ್ರದೊಳಗೆ ಜಿಪಿಎಸ್ ಮತ್ತು ಸಂದೇಶ ಕಳಿಸುವ ಸಾಧನ ಇಟ್ಟಿತು. ಕದ್ದ ಯಂತ್ರ ಎಲ್ಲಿದೆ ಅಂತ ತಿಳಿಯುವಂತಾಯಿತು. ದೂರದಿಂದಲೇ ಎಂಜಿನ್ ಚಾಲೂ ಆಗದಂತೆ ತಡೆಯುವುದೂ ಸಾಧ್ಯವಾಯಿತು. ಕೊಮ್‌ಟ್ರ್ಯಾಕ್ಸ್ ಎಂಬ ಈ ವ್ಯವಸ್ಥೆಯನ್ನು 2001ರಿಂದ ಜಪಾನಿನ ಹೊಸ ಯಂತ್ರಗಳಿಗೆ ಕಂಪನಿಯೇ ಅಳವಡಿಸತೊಡಗಿತು.

ಕಳ್ಳರ ಕಾಟಕ್ಕೆ ಹುಟ್ಟಿದ ಸಾಧನ ಇನ್ನೊಂದು ಕೆಲಸಕ್ಕೂ ಬಂತು. ಯಾವ ಯಂತ್ರ ಎಷ್ಟು ಗಂಟೆ ದುಡಿಯಿತು, ಎಷ್ಟು ಡೀಸೆಲ್ ಕುಡಿಯಿತು ಎಂಬುದೆಲ್ಲ ಕೂತಲ್ಲಿಗೇ ಬರತೊಡಗಿತು. ಬೇರೆ ಬೇರೆ ಪ್ರದೇಶಗಳಲ್ಲಿ ಯಂತ್ರಗಳು ಸರಾಸರಿ ಎಷ್ಟು ಗಂಟೆ ಓಡಿದವು ಅಂತ ಕಂಪನಿ ತಿಂಗಳು ತಿಂಗಳು ಪ್ರಕಟಿಸುತ್ತದೆ. ಒಂದು ದೇಶದಲ್ಲಿ ಕಟ್ಟಡ ಕೆಲಸ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬ ಸುಳಿವು ಅದರಲ್ಲಿ ಸಿಗುತ್ತದೆ.

ಜಾಗ ಗೊತ್ತಾಗುವುದು ಹೇಗೆ? ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಾ, ಪರಮಾಣು ಗಡಿಯಾರ ತೋರಿಸುವ ಸಮಯವನ್ನು ರೇಡಿಯೋ ಅಲೆಗಳಲ್ಲಿ ಸಾರುತ್ತಿರುತ್ತವೆ. ಆ ಅಲೆ ತಲುಪಲು ಹಿಡಿದ ಸಮಯದಿಂದ ದೂರದ ಲೆಕ್ಕ ಸಿಗುತ್ತದೆ. ಲೆಕ್ಕ ಸರಿ ಕೂರಬೇಕಾದರೆ ಕನಿಷ್ಠ ನಾಲ್ಕು ಉಪಗ್ರಹ ಕಾಣಬೇಕು. ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಷ್ಟು ಸಮಯ ತಪ್ಪಿದರೂ ದೂರ 300 ಮೀಟರ್ ತಪ್ಪುತ್ತದೆ. ಸಿಕ್ಕ ಉತ್ತರವನ್ನು ಸಾಧನ ತನ್ನೊಳಗಿನ ಸಿಮ್ ಕಾರ್ಡ್ ಬಳಸಿ ಮೊಬೈಲ್ ಜಾಲದ ಮೂಲಕ ಸರ್ವರ್‌ಗೆ ಕಳಿಸುತ್ತದೆ.

ಆದರೆ ಮ್ಯಾಪಿನ ಮೇಲೆ ಚುಕ್ಕೆ ನೋಡುವುದರಿಂದ ಸೈಟು ನಡೆಸುವವರಿಗೆ ಸಿಗುವುದು ಸ್ವಲ್ಪವೇ. ಮಣ್ಣು ಅಗೆಯುವ ಹಿಟಾಚಿ ಬೆಳಗ್ಗಿನಿಂದ ಸಂಜೆವರೆಗೆ ಹೆಚ್ಚು ಕಡಿಮೆ ಒಂದೇ ಜಾಗದಲ್ಲಿ ನಿಂತು ದುಡಿಯುತ್ತದೆ. ಪಕ್ಕದಲ್ಲಿ ಟಿಪ್ಪರ್ ಸುಮ್ನೆ ನಿಂತಿರುತ್ತದೆ. ಎರಡರ ಚುಕ್ಕೆಯೂ ಒಂದೇ ಥರ ಕಾಣುತ್ತದೆ, ಅಲ್ವಾ? ಅದಕ್ಕೇ ಯಂತ್ರದ ಒಳಗಿನ ಸುದ್ದಿ ಬೇಕು. ಹಿಟಾಚಿಯ ಬಕೆಟ್ ಮಣ್ಣಿಗೆ ಬಿದ್ದಾಗ, ಅದನ್ನು ಆಡಿಸುವ ಹೈಡ್ರಾಲಿಕ್ ಎಣ್ಣೆಯ ಒತ್ತಡ ಏರುತ್ತದೆ. ಎಂಜಿನ್ ಚಾಲೂ ಇದ್ದು ಒತ್ತಡ ಏರದಿದ್ದರೆ ಡೀಸೆಲ್ ಸುಮ್ಮನೆ ಉರಿಯುತ್ತಿದೆ ಎಂದರ್ಥ. ಟಿಪ್ಪರ್‌ಗೂ ಹಾಗೇ: ಎಂಜಿನ್ ಚಾಲೂ, ವೇಗ ಸೊನ್ನೆ.

ಇಲ್ಲಿ ಬಹಳ ಜನ ಅವಸರದ ತೀರ್ಮಾನಕ್ಕೆ ಬರುತ್ತಾರೆ. ಡ್ರೈವರ್ ಸೋಮಾರಿ ಅಂದುಬಿಡುತ್ತಾರೆ. ಒಂದು ಲೆಕ್ಕ ಹಾಕಿ ನೋಡೋಣ. ಹಿಟಾಚಿಗೆ ಒಂದು ಟಿಪ್ಪರ್ ತುಂಬಲು 4 ನಿಮಿಷ ಬೇಕು ಅಂದುಕೊಳ್ಳಿ. ಟಿಪ್ಪರ್ ಲೋಡ್ ಆಗಿ, ಹೋಗಿ, ಸುರಿದು, ವಾಪಸ್ ಬರಲು ಒಟ್ಟು 20 ನಿಮಿಷ. ಹಾಗಾದರೆ 5 ಟಿಪ್ಪರ್ ಸಾಕು. ಕೆಲಸ ಬೇಗ ಮುಗಿಯಲಿ ಅಂತ 8 ಬಿಟ್ಟರೆ? ಹಿಟಾಚಿ 4 ನಿಮಿಷಕ್ಕೆ ಒಂದನ್ನೇ ತುಂಬುವುದು. ಪ್ರತಿ ಟಿಪ್ಪರ್‌ನ ಸರದಿ ಬರುವುದು 32 ನಿಮಿಷಕ್ಕೊಮ್ಮೆ, ಅದರಲ್ಲಿ 12 ನಿಮಿಷ ಬರೀ ಕಾಯುವುದು. ಸಂಜೆಗೆ ಸಾಗಿದ ಮಣ್ಣು ಅಷ್ಟೇ, ಡೀಸೆಲ್ ಮತ್ತು ಬಾಡಿಗೆ ಮಾತ್ರ ಜಾಸ್ತಿ. ಟ್ರಿಪ್ ಲೆಕ್ಕದಲ್ಲಿ ಸಂಬಳ ಪಡೆಯುವ ಡ್ರೈವರ್‌ಗೆ ಇದು ಹೊಟ್ಟೆಯ ಮೇಲಿನ ಹೊಡೆತ. ಸಾಲಿನಲ್ಲಿ ಕಳೆದ ಸಮಯವನ್ನು ಅವನು ರಸ್ತೆಯಲ್ಲಿ ವೇಗವಾಗಿ ಓಡಿಸಿ ತುಂಬಿಸಿಕೊಳ್ಳಲು ನೋಡುತ್ತಾನೆ. ಮೂರು ಟಿಪ್ಪರ್‌ಗಳನ್ನು ಬೇರೆ ಕಡೆ ಕಳಿಸಬೇಕಾದವರು ಅವನಿಗೆ ಬೈಯುವುದು ಅನ್ಯಾಯ.

ಟ್ರ್ಯಾಕಿಂಗ್‌ನ ನಿಜವಾದ ಬೆಲೆ ಗೊತ್ತಾಗುವುದು ಕಾಂಕ್ರೀಟ್ ಸಾಗಿಸುವ ಮಿಕ್ಸರ್ ಲಾರಿಯಲ್ಲಿ. ರೆಡಿಮಿಕ್ಸ್ ಕಾಂಕ್ರೀಟ್‌ಗೆ, ಅಂದರೆ ಬೇರೆಡೆ ತಯಾರಿಸಿ ಸೈಟಿಗೆ ತರುವ ಕಾಂಕ್ರೀಟ್‌ಗೆ, ಇರುವ ಭಾರತೀಯ ಮಾನಕ ಐಎಸ್ 4926. ಸಾಮಾನ್ಯವಾಗಿ ಲೋಡ್ ಮಾಡಿದ 2 ಗಂಟೆಯೊಳಗೆ ಕಾಂಕ್ರೀಟ್ ಸುರಿಯಬೇಕು ಅನ್ನುತ್ತದೆ ಅದು. ಗಟ್ಟಿಯಾಗುವುದನ್ನು ತಡಮಾಡುವ ರಾಸಾಯನಿಕ ಬೆರೆಸಿದ್ದರೆ ಇನ್ನಷ್ಟು ಸಮಯ ಸಿಗಬಹುದು. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡ ಮಿಕ್ಸರ್‌ಗೆ 2 ಗಂಟೆ ಅಂದರೆ ಏನು ಅಂತ ಹೇಳಬೇಕಿಲ್ಲ. ತಡವಾಗಿ ಕಾಂಕ್ರೀಟ್ ಬಿಗಿಯಾದರೆ ಸೈಟಿನಲ್ಲಿ ನೀರು ಸುರಿದು ತೆಳು ಮಾಡುವ ಆಸೆ ಹುಟ್ಟುತ್ತದೆ. ಹಾಗೆ ಬೆರೆಸಿದ ನೀರು ಕಂಬದ ಬಲವನ್ನೇ ತಿನ್ನುತ್ತದೆ.

ಮಿಕ್ಸರ್‌ನ ಡ್ರಮ್ ಒಳಗೆ ಸುರುಳಿಯಾಗಿ ಸುತ್ತಿದ ಬ್ಲೇಡುಗಳಿವೆ. ಡ್ರಮ್ ಒಂದು ದಿಕ್ಕಿಗೆ ತಿರುಗಿದರೆ ಅವು ಕಾಂಕ್ರೀಟನ್ನು ಒಳಕ್ಕೆಳೆದು ಕಲಸುತ್ತವೆ. ಉಲ್ಟಾ ತಿರುಗಿದರೆ ಹೊರಕ್ಕೆ ತಳ್ಳುತ್ತವೆ. ಹಾಗಾಗಿ ಜಿಪಿಎಸ್ ಜೊತೆಗೆ ಡ್ರಮ್ ತಿರುಗುವ ದಿಕ್ಕನ್ನು ಗುರುತಿಸುವ ಒಂದು ಸಣ್ಣ ಸೆನ್ಸರ್ ಇದ್ದರೆ ಸಾಕು, ಕಾಂಕ್ರೀಟ್ ಎಲ್ಲಿ, ಎಷ್ಟು ಗಂಟೆಗೆ ಇಳಿಯಿತು ಅಂತ ಗೊತ್ತಾಗುತ್ತದೆ. ದಾರಿಯಲ್ಲಿ ಎಲ್ಲೋ ಡ್ರಮ್ ಉಲ್ಟಾ ತಿರುಗಿದ್ದರೆ ಅದೂ ತಿಳಿಯುತ್ತದೆ.

ಮಿಕ್ಸರ್ ಸೈಟಿನ ಗೇಟಿಗೆ ಬಂದದ್ದು 10.40ಕ್ಕೆ, ಡ್ರಮ್ ಉಲ್ಟಾ ತಿರುಗಿದ್ದು 11.55ಕ್ಕೆ ಅಂತ ದಾಖಲೆ ಇದ್ದರೆ, ತಡವಾದದ್ದು ಸೈಟಿನಲ್ಲಿ. ಪಂಪ್ ಕೆಟ್ಟಿತ್ತೋ, ಕಂಬಿ ಕಟ್ಟುವ ಕೆಲಸ ಮುಗಿದಿರಲಿಲ್ಲವೋ, ಹುಡುಕಬೇಕಾದದ್ದು ಅಲ್ಲೇ. ಆ ದಾಖಲೆ ಮಾಲೀಕರ ಫೋನಿನಲ್ಲಿ ಮಾತ್ರ ಇದ್ದರೆ ಸಾಲದು. ಡ್ರೈವರ್‌ಗೂ ಅದು ಕಾಣುವಂತಿರಬೇಕು. ತಡವಾಯಿತು ಅಂತ ಮೊದಲು ಬೈಗುಳ ತಿನ್ನುವವನು ಅವನೇ.