ಆಪ್ಸಿನ್: ಗುಲಾಬಿ ಕಿತ್ತ ಮೇಲೆ ಉಳಿದ ಪದ

"ಕ್ಯಾರೆಟ್‌ನಲ್ಲಿ ಆಪ್ಸಿನ್ ಇದೆ, ಕಣ್ಣಿಗೆ ಒಳ್ಳೇದು" ಅನ್ನೋ ವಾಟ್ಸಾಪ್ ಸಂದೇಶ ಈ ತಿಂಗಳು ನನಗೆ ನಾಲ್ಕನೇ ಸಲ ಬಂತು. ಕ್ಯಾರೆಟ್ ಒಳ್ಳೇದೇ. ಆದರೆ ಆಪ್ಸಿನ್ ಅನ್ನೋದು ಕಣ್ಣಿನ ಕೋಶಗಳಲ್ಲಿ ಬೆಳಕು ಹಿಡಿಯುವ ಪ್ರೋಟೀನು, ಅದು ಕ್ಯಾರೆಟ್ಟಿನಲ್ಲಿ ಇಲ್ಲ. ಇದ್ದಿದ್ದರೂ ತೊಗರಿಬೇಳೆಯ ಪ್ರೋಟೀನಿನ ಹಾಗೆ ಹೊಟ್ಟೆಯಲ್ಲೇ ಕರಗುತ್ತಿತ್ತು, ಸೀದಾ ಕಣ್ಣಿಗೆ ಹತ್ತುತ್ತಿರಲಿಲ್ಲ.

ಗೊಂದಲಕ್ಕೆ ಹೆಸರಿನ ಕತೆಯೇ ಮದ್ದು. 1876ರಲ್ಲಿ ಫ್ರಾಂಜ್ ಬೊಲ್ ಎಂಬ ಜರ್ಮನ್ ವಿಜ್ಞಾನಿ ಕತ್ತಲಲ್ಲಿಟ್ಟಿದ್ದ ಕಪ್ಪೆಯ ಅಕ್ಷಿಪಟ, ಅಂದರೆ ಕಣ್ಣಿನೊಳಗಿನ ಪರದೆ, ತೆಗೆದು ನೋಡಿದ. ಕೆಂಪಗಿತ್ತು. ಬೆಳಕಿಗೆ ಹಿಡಿದ ಸ್ವಲ್ಪ ಹೊತ್ತಿಗೆ ಬಣ್ಣ ಮಾಸಿಹೋಯಿತು. ಆ ಬಣ್ಣಕ್ಕೆ ಇನ್ನೊಬ್ಬ ಜರ್ಮನ್ ವಿಜ್ಞಾನಿ ವಿಲ್‌ಹೆಲ್ಮ್ ಕ್ಯೂನೆ ರೊಡಾಪ್ಸಿನ್ ಎಂದು ಹೆಸರಿಟ್ಟ. ಗ್ರೀಕಿನಲ್ಲಿ ರೊಡಾನ್ ಅಂದರೆ ಗುಲಾಬಿ, ಆಪ್ಸಿಸ್ ಅಂದರೆ ನೋಟ. ಬಯಾಪ್ಸಿಯ ಬಾಲದಲ್ಲಿ ಇರುವುದೂ ಇದೇ ಆಪ್ಸಿಸ್. ಆಮೇಲೆ ಗೊತ್ತಾಯಿತು, ರೊಡಾಪ್ಸಿನ್ ಒಂಟಿಯಲ್ಲ, ಜೋಡಿ: ಒಂದು ದೊಡ್ಡ ಪ್ರೋಟೀನು, ಅದರ ಮಡಿಲಲ್ಲಿ ಒಂದು ಪುಟ್ಟ ಅಣು. ಪ್ರೋಟೀನಿಗೆ ಬೇರೆ ಹೆಸರು ಬೇಕಿತ್ತು. ಹಳೇ ಪದದಿಂದ ಗುಲಾಬಿ ಕಿತ್ತು, ಉಳಿದಿದ್ದನ್ನು ಅದಕ್ಕೆ ಕೊಟ್ಟರು. ಅದೇ ಆಪ್ಸಿನ್. ಸರಿಯಾಗೇ ಕಿತ್ತಿದ್ದಾರೆ ಅನ್ನಿ, ಯಾಕಂದರೆ ಆಪ್ಸಿನ್ ಒಂದಕ್ಕೇ ಬಣ್ಣವಿಲ್ಲ.

ಪುಟ್ಟ ಅಣುವಿನ ಹೆಸರು ರೆಟಿನಲ್. ಇಲ್ಲೇ ಎಲ್ಲರೂ ಎಡವೋದು. ರೆಟಿನಾ ಅಂದರೆ ಕಣ್ಣಿನ ಪರದೆ. ರೆಟಿನಾಲ್ ಅಂದರೆ ವಿಟಮಿನ್ ಎ, ಮುಖಕ್ಕೆ ಹಚ್ಚುವ ಕ್ರೀಮಿನ ಡಬ್ಬಿ ಮೇಲೆ ಓದಿರುತ್ತೀರಿ. ಅದರಿಂದ ಆಗುವುದು ರೆಟಿನಲ್. ಕ್ಯಾರೆಟ್ ಕೊಡುವುದು ಈ ವಿಟಮಿನ್ ಎ ಮಾಡಿಕೊಳ್ಳಲು ಬೇಕಾದ ಸಾಮಾನು, ಅದರ ಪಾತ್ರ ಇಷ್ಟಕ್ಕೇ ಮುಗಿಯಿತು.

ಆಪ್ಸಿನ್ನನ್ನು ಕೋಶ ತಾನೇ ಕಟ್ಟಿಕೊಳ್ಳಬೇಕು. ರೊಡಾಪ್ಸಿನ್ ಇರುವುದು ಮಬ್ಬು ಬೆಳಕಲ್ಲಿ ಕಾಣಿಸುವ ರಾಡ್ ಕೋಶಗಳಲ್ಲಿ. ಬಣ್ಣ ಕಾಣಿಸುವ ಕೋನ್ ಕೋಶಗಳಲ್ಲಿ ಅದರ ದಾಯಾದಿಗಳಿವೆ. ಕೋನ್ ತನ್ನ ಜೀನ್ ಓದಿ, ಅಮೈನೋ ಆಮ್ಲಗಳನ್ನು ಮಣಿಸರದಂತೆ ಪೋಣಿಸುತ್ತದೆ. "ಕೆಂಪು", "ಹಸಿರು" ಆಪ್ಸಿನ್‌ಗಳಿಗೆ 364 ಮಣಿ, "ನೀಲಿ"ಗೆ 348. ಸರ ಕೋಶದ ಪೊರೆಯನ್ನು ಏಳು ಸಲ ಹಾಯುತ್ತದೆ, ಸೂಜಿಯಲ್ಲಿ ಹೊಲಿಗೆ ಹಾಕಿದ ಹಾಗೆ. ಈ ಕೆಲಸ ನಡೆಯುವುದು ಕೋಶದ ಒಳಭಾಗದಲ್ಲಿ, ಬೆಳಕು ಹಿಡಿಯುವುದು ಹೊರಭಾಗದಲ್ಲಿ. ಅಡುಗೆಮನೆ ಒಂದು ಕಡೆ, ಪಂಕ್ತಿ ಇನ್ನೊಂದು ಕಡೆ. ನಡುವೆ ಬಲು ಇಕ್ಕಟ್ಟಿನ ಓಣಿ. ಆಪ್ಸಿನ್ ಅದನ್ನು ನುಸುಳಿಯೇ ಬರಬೇಕು.

ಯಾವ ಕೋನ್ ಯಾವ ಆಪ್ಸಿನ್ ಮಾಡಬೇಕು ಅನ್ನುವುದರಲ್ಲಿ ಥೈರಾಯ್ಡ್ ಹಾರ್ಮೋನಿನ ಕೈ ಇದೆ. ಪ್ರಯೋಗಾಲಯದಲ್ಲಿ ಬೆಳೆಸಿದ ಮನುಷ್ಯರ ಅಕ್ಷಿಪಟದ ತುಣುಕಿನಲ್ಲಿ ಇದು 2018ರಲ್ಲಿ ಕಂಡಿತು. ಹಾರ್ಮೋನಿನ ಸೂಚನೆ ಸಿಗದ ಕೋನ್‌ಗಳು "ನೀಲಿ"ಯ ಕಡೆಗೇ ವಾಲಿದವು.

ಈ ಬಣ್ಣದ ಹೆಸರುಗಳಿಗೆ ನಾನು ಸುಮ್ನೆ ಉದ್ಧರಣ ಚಿಹ್ನೆ ಹಾಕಿಲ್ಲ. "ಕೆಂಪು" ಆಪ್ಸಿನ್ ಅತಿ ಜಾಸ್ತಿ ಹೀರುವುದು ಸುಮಾರು 560 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು. ಅದು ಹಳದಿಗೆ ತಿರುಗಿದ ಹಸಿರು, ಕೆಂಪಲ್ಲ. "ಹಸಿರಿ"ನದು ಸುಮಾರು 530. ಎರಡರ ಸರಗಳಲ್ಲಿ ಬೇರೆಯಾಗುವುದು ಹದಿನೈದರಷ್ಟು ಮಣಿ. ಮಡಿಲಲ್ಲಿ ಕೂತ ರೆಟಿನಲ್ ಎರಡರಲ್ಲೂ ಒಂದೇ. ಅಂದರೆ ಯಾವ ಬೆಳಕು ಹಿಡಿಯಬೇಕು ಅನ್ನುವುದನ್ನು ತೀರ್ಮಾನಿಸುವುದು ಆಪ್ಸಿನ್, ಅಲ್ವಾ? ಈ ಎರಡರ ಜೀನ್‌ಗಳು ಎಕ್ಸ್ ಕ್ರೋಮೋಸೋಮಿನಲ್ಲಿ ಅಕ್ಕಪಕ್ಕ ಕೂತಿವೆ. ಗಂಡಸರಿಗೆ ಇರುವುದು ಒಂದೇ ಎಕ್ಸ್. ಅಲ್ಲಿ ಎಡವಟ್ಟಾದರೆ ಕೆಂಪು, ಹಸಿರು ಬೇರೆಬೇರೆಯಾಗಿ ಕಾಣುವುದು ಕಷ್ಟ. ಮೂಟೆಗಟ್ಟಲೆ ಕ್ಯಾರೆಟ್ ತಿಂದರೂ ಅಷ್ಟೇ.