ಆರ್ಕೆಸ್ಟ್ರಾ ಹಿನ್ನೆಲೆ ಸಂಗೀತ: ಮೊದಲ ಸ್ಥಾನ ಯಾವ ಚಿತ್ರಕ್ಕೆ?

ಪ್ರಶ್ನೆ: ಪೂರ್ತಿ ಆರ್ಕೆಸ್ಟ್ರಾ (ಪಾಶ್ಚಾತ್ಯ ವಾದ್ಯವೃಂದ) ಇಟ್ಟುಕೊಂಡು ಮಾಡಿದ ಹಿನ್ನೆಲೆ ಸಂಗೀತದಲ್ಲಿ ಸಾರ್ವಕಾಲಿಕ ಶ್ರೇಷ್ಠ ಯಾವುದು? ಯಾವ ಪಟ್ಟಿ ನೋಡಿದರೂ ‘ಸ್ಟಾರ್ ವಾರ್ಸ್’ ಮೇಲೇ ಇರುತ್ತೆ. ಅದು ನಿಜವಾಗ್ಲೂ ಅಷ್ಟು ದೊಡ್ಡ ಸಂಗೀತವಾ, ಇಲ್ಲ ಸಿನಿಮಾ ಓಡಿದ್ದಕ್ಕೆ ಸಿಕ್ಕ ಹೆಸರಾ?

ಉತ್ತರ: ದೊಡ್ಡ ಸಂಗೀತವೇ, ಅನುಮಾನ ಬೇಡ. ಆದರೆ ನನ್ನ ಪಟ್ಟಿಯಲ್ಲಿ ಅದು ನಾಲ್ಕನೆಯದು. ಮೊದಲನೆಯದು ‘ವರ್ಟಿಗೊ’. ಬೈಯೋದಕ್ಕೆ ಮುಂಚೆ ಕಾರಣ ಕೇಳಿ.

ನೀವು ಹೇಳುವ ಪಟ್ಟಿಗಳಲ್ಲಿ ಹೆಚ್ಚು ಓಡಾಡುವುದು ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ 2005ರಲ್ಲಿ ಮಾಡಿದ್ದು. 25 ಚಿತ್ರಗಳ ಪಟ್ಟಿ ಅದು. ‘ಸ್ಟಾರ್ ವಾರ್ಸ್’ ಮೊದಲು, ಆಮೇಲೆ ‘ಗಾನ್ ವಿತ್ ದಿ ವಿಂಡ್’, ‘ಲಾರೆನ್ಸ್ ಆಫ್ ಅರೇಬಿಯಾ’, ‘ಸೈಕೊ’, ‘ದಿ ಗಾಡ್‌ಫಾದರ್’. ಕೆಟ್ಟ ಪಟ್ಟಿಯೇನಲ್ಲ. ಆದರೆ ಅದು ಅಮೆರಿಕನ್ ಸಿನಿಮಾದ ಪಟ್ಟಿ. ಅದನ್ನೇ ಎತ್ತಿಕೊಂಡು ಬಂದು ‘ಜಗತ್ತಿನ ಶ್ರೇಷ್ಠ’ ಅಂತ ಹಣೆಪಟ್ಟಿ ಹಚ್ಚಿದವರು ನಂತರದವರು. ಹಾಗಾಗಿ ರಷ್ಯಾ, ಜಪಾನಿನ ಕೆಲಸಗಳು ಅಲ್ಲಿ ಕಾಣುವುದೇ ಇಲ್ಲ.

ಆಸ್ಕರ್ ನೋಡಿ ಅಳೆಯೋಣ ಅಂದರೆ ಅದೂ ಕೈಕೊಡುತ್ತೆ. ‘ವರ್ಟಿಗೊ’ದ ಸಂಗೀತಕ್ಕೆ ನಾಮನಿರ್ದೇಶನವೇ ಸಿಗಲಿಲ್ಲ, ‘ಸೈಕೊ’ಗೂ ಇಲ್ಲ. ‘ಗಾಡ್‌ಫಾದರ್’ಗೆ ಸಿಕ್ಕಿತ್ತು, ವಾಪಸ್ ಕಿತ್ತುಕೊಂಡರು. ಸಂಗೀತ ಬರೆದ ನಿನೊ ರೋಟಾ ಅದರ ಒಂದು ಧುನಿಯನ್ನು ‘ಫೋರ್ಚುನೆಲ್ಲಾ’ ಅನ್ನುವ ಹಳೆಯ ಇಟಾಲಿಯನ್ ಚಿತ್ರದಲ್ಲಿ ಆಗಲೇ ಬಳಸಿದ್ದರು ಅಂತ. ತಮಾಷೆ ಏನಂದರೆ ಎರಡನೇ ಭಾಗಕ್ಕೆ ಪ್ರಶಸ್ತಿಯನ್ನೇ ಕೊಟ್ಟರು. ಎನ್ನಿಯೊ ಮೊರಿಕೊನೆಯವರ ‘ದಿ ಮಿಷನ್’ (1986) ಸೋತಿತು, ಅವರಿಗೆ ಸ್ಪರ್ಧೆಯಲ್ಲಿ ಗೆದ್ದ ಆಸ್ಕರ್ ಸಿಕ್ಕಿದ್ದು 2016ರಲ್ಲಿ, ಎಂಬತ್ತೇಳನೇ ವಯಸ್ಸಿನಲ್ಲಿ. ಇಂಥ ತಕ್ಕಡಿ ಇಟ್ಟುಕೊಂಡು ಏನು ತೂಗುವುದು?

ನಾನು ನೋಡುವುದು ಒಂದೇ ವಿಷಯ. ಸಂಗೀತ ತೆಗೆದುಬಿಟ್ಟರೆ ಚಿತ್ರದ ಅರ್ಥ ಎಷ್ಟು ಕಡಿಮೆಯಾಗುತ್ತೆ? ಗುನುಗೋದಕ್ಕೆ ಟ್ಯೂನ್ ಚೆನ್ನಾಗಿರುವುದು ಒಂದು ಗುಣ. ತೆರೆಯ ಮೇಲೆ ಕಾಣದ ಸಂಗತಿಯನ್ನು ಆ ಸಂಗೀತ ಹೇಳುತ್ತಿದೆಯಾ ಅನ್ನುವುದು ಬೇರೆಯೇ ಗುಣ. ಪಟ್ಟಿ ಮಾಡುವವರು ಸಾಮಾನ್ಯವಾಗಿ ಇವೆರಡನ್ನೂ ಕಲಸಿಬಿಡುತ್ತಾರೆ, ನೂರು ಜನ ಕೂತು ಜೋರಾಗಿ ಬಾರಿಸಿದ್ದೆಲ್ಲ ಶ್ರೇಷ್ಠ ಅಂತ ಬರೆದುಕೊಳ್ಳುತ್ತಾರೆ.

ಇನ್ನೊಂದು ಷರತ್ತು: ಸಂಗೀತ ಆ ಚಿತ್ರಕ್ಕಾಗಿಯೇ ಬರೆದಿದ್ದಾಗಿರಬೇಕು. ಹಾಗಾಗಿ ‘2001: ಎ ಸ್ಪೇಸ್ ಒಡಿಸ್ಸಿ’ ಸ್ಪರ್ಧೆಯಲ್ಲಿಲ್ಲ. ಅದರಲ್ಲಿರುವುದು ರಿಚರ್ಡ್ ಸ್ಟ್ರಾಸ್, ಯೋಹಾನ್ ಸ್ಟ್ರಾಸ್, ಲಿಗೆಟಿ ಮೊದಲೇ ಬರೆದಿಟ್ಟಿದ್ದ ಸಂಗೀತ. ಚಿತ್ರಕ್ಕೆ ಅಂತ ಅಲೆಕ್ಸ್ ನಾರ್ತ್ ಬೇರೆ ಸಂಗೀತ ಬರೆದು ಕೊಟ್ಟಿದ್ದರು. ನಿರ್ದೇಶಕ ಕುಬ್ರಿಕ್ ಅದನ್ನು ಪಕ್ಕಕ್ಕಿಟ್ಟು, ಎಡಿಟಿಂಗ್ ಹೊತ್ತಿನಲ್ಲಿ ತಾತ್ಕಾಲಿಕವಾಗಿ ಹಾಕಿಕೊಂಡಿದ್ದ ಹಳೆಯ ತುಣುಕುಗಳನ್ನೇ ಉಳಿಸಿಕೊಂಡರು. ನಾರ್ತ್‌ಗೆ ಇದು ಗೊತ್ತಾಗಿದ್ದು ಸಿನಿಮಾ ನೋಡುತ್ತಾ ಕೂತಾಗ. ‘ಬ್ಲೇಡ್ ರನ್ನರ್’ ಕೂಡ ಹೊರಗೆ, ಅದು ಆರ್ಕೆಸ್ಟ್ರಾ ಅಲ್ಲ, ಸಿಂಥಸೈಸರ್ ಅನ್ನುವ ಎಲೆಕ್ಟ್ರಾನಿಕ್ ವಾದ್ಯದ ಕೆಲಸ.

ಈಗ ‘ವರ್ಟಿಗೊ’ (1958). ಹಿಚ್‌ಕಾಕ್ ನಿರ್ದೇಶನ, ಬರ್ನಾರ್ಡ್ ಹರ್ಮನ್ ಸಂಗೀತ. ಟೈಟಲ್ ಕಾರ್ಡ್‌ಗೆ ಬರುವ ತುಣುಕನ್ನು ಒಮ್ಮೆ ಕಣ್ಮುಚ್ಚಿ ಕೇಳಿ. ಒಂದು ಎಳೆ ಮೇಲಕ್ಕೆ ಹತ್ತುತ್ತಾ ಇರುವಾಗಲೇ ಇನ್ನೊಂದು ಎಳೆ ಕೆಳಕ್ಕೆ ಇಳಿಯುತ್ತಿರುತ್ತದೆ, ಕನ್ನಡಿ ಹಿಡಿದ ಹಾಗೆ. ಎರಡೂ ಸುತ್ತುತ್ತಲೇ ಇರುತ್ತವೆ, ಎಲ್ಲೂ ಬಂದು ನಿಲ್ಲುವುದಿಲ್ಲ. ಮಧ್ಯೆ ಬ್ರಾಸ್ (ತುತ್ತೂರಿ ಜಾತಿಯ) ವಾದ್ಯಗಳು ಬಂದು ಗುದ್ದುತ್ತವೆ. ಕಥೆ ಇನ್ನೂ ಶುರುವಾಗಿಲ್ಲ, ನಾಯಕನಿಗೆ ಎತ್ತರದ ಭಯ ಇದೆ ಅಂತ ಯಾರೂ ಹೇಳಿಲ್ಲ, ನಿಮ್ಮ ತಲೆ ಆಗಲೇ ತಿರುಗೋಕೆ ಶುರುವಾಗಿರುತ್ತೆ.

ಮುಂದೆ ನಾಯಕ ಸ್ಕಾಟಿ, ತಾನು ಕಣ್ಣಿಡಬೇಕಾದ ಮ್ಯಾಡಲಿನ್ ಅನ್ನುವ ಹೆಂಗಸನ್ನು ಕಾರಿನಲ್ಲಿ ಹಿಂಬಾಲಿಸುವ ಭಾಗ ಬರುತ್ತದೆ. ಹೂವಿನ ಅಂಗಡಿ, ಚರ್ಚಿನ ಸ್ಮಶಾನ, ಆರ್ಟ್ ಮ್ಯೂಸಿಯಂ. ಮಾತು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಒಬ್ಬ ಗಂಡಸು ಕಾರು ಓಡಿಸುತ್ತಾನೆ, ನಿಲ್ಲಿಸುತ್ತಾನೆ, ನೋಡುತ್ತಾನೆ, ಮತ್ತೆ ಓಡಿಸುತ್ತಾನೆ, ಅಷ್ಟೇ. ಧ್ವನಿ ತೆಗೆದು ನೋಡಿದರೆ ಪತ್ತೇದಾರಿ ಕೆಲಸದ ಬೇಜಾರಿನ ಅರ್ಧ ದಿನ. ಸಂಗೀತದ ಜೊತೆ ನೋಡಿದರೆ, ಇವನು ತನಗೇ ಗೊತ್ತಿಲ್ಲದೆ ಹಳ್ಳಕ್ಕೆ ಬೀಳುತ್ತಿದ್ದಾನೆ ಅಂತ ತಿಳಿಯುತ್ತದೆ. ಮ್ಯೂಸಿಯಂನಲ್ಲಿ ಅವಳು ಕಾರ್ಲೊಟಾ ಅನ್ನುವ, ಎಂದೋ ಸತ್ತ ಹೆಂಗಸಿನ ವರ್ಣಚಿತ್ರದ ಮುಂದೆ ಕೂತಾಗ ಹಾಬನೆರಾ (ಕ್ಯೂಬಾದ ಒಂದು ನೃತ್ಯ) ಲಯ ಮೆಲ್ಲಗೆ ಹೆಜ್ಜೆ ಹಾಕಿಕೊಂಡು ಬರುತ್ತೆ. ಅದೇ ಲಯ ಆಮೇಲೆ ಅವನ ದುಃಸ್ವಪ್ನದಲ್ಲಿ ಹುಚ್ಚು ಹಿಡಿದಂತೆ ವಾಪಸ್ ಬರುತ್ತೆ.

ಕೊನೆಗೆ ಹೋಟೆಲ್ ರೂಮು. ಸ್ಕಾಟಿ ಮ್ಯಾಡಲಿನ್ ಥರ ಮಾರ್ಪಡಿಸಿದ ಜೂಡಿ ಕೂದಲು ಕಟ್ಟಿಕೊಂಡು ಹಸಿರು ನಿಯಾನ್ ಬೆಳಕಿನೊಳಗಿಂದ ಹೊರಗೆ ಬರುತ್ತಾಳೆ. ವಯಲಿನ್‌ಗಳು ತೀರಾ ಮೆಲ್ಲಗೆ, ನಡುಗುತ್ತಾ ಶುರುವಾಗುತ್ತವೆ. ವ್ಯಾಗ್ನರ್‌ನ ‘ಟ್ರಿಸ್ಟಾನ್’ ಒಪೆರಾ ಕೇಳಿದವರಿಗೆ ಇದರ ಬೇರು ಎಲ್ಲಿದೆ ಅಂತ ತಕ್ಷಣ ಗೊತ್ತಾಗುತ್ತೆ. ಧುನಿ ಏರುತ್ತೆ, ಮುಗಿಯಬೇಕಾದ ಜಾಗದಲ್ಲಿ ಮುಗಿಯದೆ ಮತ್ತೆ ಏರುತ್ತೆ, ಕ್ಯಾಮೆರಾ ಅವರಿಬ್ಬರ ಸುತ್ತ ತಿರುಗುವಾಗ ಇಡೀ ಆರ್ಕೆಸ್ಟ್ರಾ ಉಕ್ಕಿ ಬರುತ್ತೆ. ಅವನು ಪ್ರೀತಿಸುತ್ತಿರುವುದು ಎದುರಿಗಿರುವ ಹೆಂಗಸನ್ನಲ್ಲ, ಸತ್ತಿದ್ದಾಳೆ ಅಂತ ಅವನು ನಂಬಿರುವ ಇನ್ನೊಬ್ಬಳನ್ನು. ಆ ಸುಖ, ಆ ಅಸಹ್ಯ ಎರಡೂ ಒಟ್ಟಿಗೆ ಅಲ್ಲಿವೆ. ಸಂಭಾಷಣೆಯಲ್ಲಿ ಇದನ್ನು ಬರೆಯೋದಕ್ಕೆ ಹೋಗಿದ್ದರೆ ನಗೆಪಾಟಲಾಗುತ್ತಿತ್ತು. (ಇಷ್ಟು ಒಳ್ಳೆಯ ಸಂಗೀತದ ರೆಕಾರ್ಡಿಂಗ್‌ನಲ್ಲಿ ಆರ್ಕೆಸ್ಟ್ರಾವನ್ನು ಹರ್ಮನ್ ತಾವೇ ನಡೆಸಲಿಲ್ಲ. ಅಮೆರಿಕದಲ್ಲಿ ವಾದ್ಯಗಾರರ ಮುಷ್ಕರ ನಡೆಯುತ್ತಿತ್ತು. ಹಾಗಾಗಿ ಲಂಡನ್ ಮತ್ತು ವಿಯೆನ್ನಾದಲ್ಲಿ ಮ್ಯೂರ್ ಮ್ಯಾಥಿಸನ್ ನಡೆಸಿಕೊಟ್ಟರು.)

‘ಸೈಕೊ’ (1960) ಯಾಕಲ್ಲ ಅಂತ ಕೇಳಬಹುದು. ಅದೂ ಹರ್ಮನ್‌ದೇ, ಬರೀ ತಂತಿ ವಾದ್ಯಗಳು. ಶವರ್ ದೃಶ್ಯಕ್ಕೆ ಸಂಗೀತವೇ ಬೇಡ ಅಂತ ಹಿಚ್‌ಕಾಕ್ ಅಂದಿದ್ದರು, ಹರ್ಮನ್ ಕೇಳದೆ ಬರೆದರು. ಮೊದಲ ಹತ್ತರಲ್ಲಿ ಖಂಡಿತ ಇದೆ. ಆದರೆ ಒಬ್ಬರಿಂದ ಒಂದೇ ಸಾಕು ಅಂದರೆ ನಾನು ಇಟ್ಟುಕೊಳ್ಳುವುದು ‘ವರ್ಟಿಗೊ’.

ಎರಡನೆಯದು ‘ಜಾಸ್’ (1975), ಜನರನ್ನು ತಿನ್ನುವ ಶಾರ್ಕ್ ಮೀನಿನ ಕಥೆ. ಜಾನ್ ವಿಲಿಯಮ್ಸ್ ಪಿಯಾನೋದಲ್ಲಿ ಆ ಎರಡು ಸ್ವರ ಬಾರಿಸಿ ತೋರಿಸಿದಾಗ ನಿರ್ದೇಶಕ ಸ್ಪೀಲ್‌ಬರ್ಗ್ ತಮಾಷೆ ಅಂದುಕೊಂಡು ನಕ್ಕರಂತೆ. ಎರಡೇ ಸ್ವರ, ಪಕ್ಕಪಕ್ಕದ್ದು. ಸೆಲ್ಲೊ, ಡಬಲ್ ಬಾಸ್‌ಗಳು ಅದನ್ನೇ ಉಜ್ಜುತ್ತಾ ಹೋಗುತ್ತವೆ, ಮೇಲೆ ಟ್ಯೂಬಾ ತನಗೆ ಸಲ್ಲದ ಎತ್ತರದ ಸ್ವರದಲ್ಲಿ ಹಾಡುತ್ತದೆ. ಚಿತ್ರಕ್ಕೆ ಮಾಡಿಸಿದ್ದ ಯಾಂತ್ರಿಕ ಶಾರ್ಕ್ ಉಪ್ಪುನೀರಿಗೆ ಇಳಿಸಿದ ಮೇಲೆ ಪದೇ ಪದೇ ಕೆಡುತ್ತಿತ್ತು. ಹಾಗಾಗಿ ಚಿತ್ರದ ಅರ್ಧಕ್ಕಿಂತ ಜಾಸ್ತಿ ಹೊತ್ತು ಶಾರ್ಕ್ ಅಂದರೆ ಈ ಸಂಗೀತವೇ. ಅದು ವೇಗವಾದರೆ ಶಾರ್ಕ್ ಹತ್ತಿರ ಬಂತು ಅಂತ.

ನನಗೆ ಇಷ್ಟವಾಗುವುದು ಅದರ ಪ್ರಾಮಾಣಿಕತೆ. ಇಬ್ಬರು ಹುಡುಗರು ಶಾರ್ಕಿನ ಬೆನ್ನುರೆಕ್ಕೆಯಂಥ ರಟ್ಟು ಕಟ್ಟಿಕೊಂಡು ಬೀಚಿನಲ್ಲಿ ಎಲ್ಲರನ್ನೂ ಹೆದರಿಸುವ ದೃಶ್ಯ ನೆನಪಿದೆಯಲ್ಲ, ಅಲ್ಲಿ ಜನ ಓಡುತ್ತಾರೆ, ಕೂಗುತ್ತಾರೆ, ಆದರೆ ಶಾರ್ಕಿನ ಸಂಗೀತ ಬರುವುದಿಲ್ಲ. ಯಾಕಂದರೆ ಶಾರ್ಕ್ ಇಲ್ಲ. ಸಂಗೀತ ಬಂದರೆ ಮಾತ್ರ ಅಪಾಯ ಅಂತ ನಿಮಗೆ ಗೊತ್ತಿಲ್ಲದೆಯೇ ಕಲಿತುಬಿಡುತ್ತೀರಿ. ಆಮೇಲೆ ಪೊಲೀಸ್ ಅಧಿಕಾರಿ ಬ್ರಾಡಿ ದೋಣಿಯ ಹಿಂದೆ ನಿಂತು ಗೊಣಗುತ್ತಾ ನೀರಿಗೆ ಮೀನಿನ ಚೂರು ಎಸೆಯುವಾಗ ಸಂಗೀತದ ಸುಳಿವೇ ಇಲ್ಲದೆ ಶಾರ್ಕಿನ ತಲೆ ಮೇಲೆದ್ದು ಬರುತ್ತೆ. ಅಷ್ಟು ಹೊತ್ತು ಕಾಪಾಡಿಕೊಂಡು ಬಂದ ನಿಯಮವನ್ನು ಸರಿಯಾದ ಜಾಗದಲ್ಲಿ ಮುರಿದರು. ಇಂಥ ಲೆಕ್ಕಾಚಾರ ‘ಸ್ಟಾರ್ ವಾರ್ಸ್’ನಲ್ಲಿ ಇಲ್ಲ, ಅದಕ್ಕೇ ವಿಲಿಯಮ್ಸ್ ಕೆಲಸದಲ್ಲಿ ಇದನ್ನು ಮೇಲಿಟ್ಟಿದ್ದೇನೆ.

ಮೂರನೆಯದು ‘ದಿ ಲಾರ್ಡ್ ಆಫ್ ದಿ ರಿಂಗ್ಸ್’, ಮೂರೂ ಭಾಗ (2001–2003) ಸೇರಿಸಿ. ಹೊವರ್ಡ್ ಶೋರ್ ಪ್ರತಿ ಜನಾಂಗಕ್ಕೆ, ಊರಿಗೆ, ವಸ್ತುವಿಗೆ ಒಂದೊಂದು ಧುನಿ ಕೊಟ್ಟಿದ್ದಾರೆ, ಎಣಿಸಿದವರು 80ಕ್ಕೂ ಹೆಚ್ಚು ಅನ್ನುತ್ತಾರೆ. ಸಂಖ್ಯೆ ದೊಡ್ಡದಲ್ಲ, ಅವು ಬದಲಾಗುವ ರೀತಿ ದೊಡ್ಡದು. ಒಂಬತ್ತು ಜನರ ತಂಡದ ಧುನಿ ಮೊದಲು ಚೂರುಚೂರಾಗಿ ಕೇಳುತ್ತೆ, ಜನ ಸೇರುತ್ತಾ ಹೋದಂತೆ ತುಂಬಿಕೊಳ್ಳುತ್ತೆ, ತಂಡ ಒಡೆದ ಮೇಲೆ ಪೂರ್ತಿಯಾಗಿ ಕೇಳುವುದೇ ಅಪರೂಪ. ಹತ್ತು ಗಂಟೆ ಹತ್ತಿರದ ಕಥೆಯಲ್ಲಿ ಯಾರು ಯಾರು ಅಂತ ತಲೆ ಕೆಟ್ಟರೂ ಕಿವಿ ಮಾತ್ರ ದಾರಿ ತಪ್ಪುವುದಿಲ್ಲ.

ಸರಿ, ‘ಸ್ಟಾರ್ ವಾರ್ಸ್’ (1977). ಲಂಡನ್ ಸಿಂಫನಿ ಆರ್ಕೆಸ್ಟ್ರಾ ನುಡಿಸಿದ್ದು. ಆ ಹೊತ್ತಿಗೆ ಹಾಲಿವುಡ್‌ನಲ್ಲಿ ಪಾಪ್ ಹಾಡು, ಜಾಝ್, ಸಿಂಥಸೈಸರ್‌ಗಳ ಕಾಲ. ನಿರ್ದೇಶಕ ಲ್ಯೂಕಸ್ ಎಡಿಟಿಂಗ್‌ನಲ್ಲಿ ಹಳೆಯ ಶಾಸ್ತ್ರೀಯ ಸಂಗೀತ ಹಾಕಿಕೊಂಡಿದ್ದರು. ವಿಲಿಯಮ್ಸ್ ಅದೇ ಬಗೆಯ ಹಳೆಯ ಶೈಲಿಯಲ್ಲಿ ಹೊಸದಾಗಿ ಬರೆದರು. ಕಾಣದ ಗ್ರಹ, ವಿಚಿತ್ರ ಜೀವಿಗಳು, ಆದರೆ ಸಂಗೀತ ಮಾತ್ರ ಪರಿಚಿತ. ಅದೇ ಅದರ ಜಾಣ್ಮೆ. ಎರಡು ಸೂರ್ಯ ಮುಳುಗುವ ದೃಶ್ಯಕ್ಕೆ ಅವರು ಮೊದಲು ಬರೆದಿದ್ದು ಬೇರೆ, ಲ್ಯೂಕಸ್ ಬದಲಿಸಿ ಅಂದ ಮೇಲೆ ಬಂದಿದ್ದು ಈಗ ನಮಗೆ ಗೊತ್ತಿರುವ ಫ್ರೆಂಚ್ ಹಾರ್ನ್ ಧುನಿ. ಇಷ್ಟೆಲ್ಲ ಹೇಳಿ ನಾಲ್ಕಕ್ಕೆ ಯಾಕೆ ಇಳಿಸಿದೆ ಅಂದರೆ, ತೆರೆಯ ಮೇಲೆ ಕಾಣುವುದನ್ನೇ ಅದು ಜಾಸ್ತಿ ಹೊತ್ತು ದೊಡ್ಡದು ಮಾಡಿ ಹೇಳುತ್ತದೆ. ಅದ್ಭುತವಾಗಿ ಹೇಳುತ್ತದೆ, ಒಪ್ಪಿದೆ.

ಐದನೆಯದು ಪಟ್ಟಿಗಳಲ್ಲಿ ಸಿಗದ್ದು: ಕುರೊಸಾವಾ ಅವರ ‘ರಾನ್’ (1985), ತೊರು ತಕೆಮಿತ್ಸು ಸಂಗೀತ. ಕೋಟೆಯ ಮೇಲೆ ದಾಳಿ ನಡೆಯುವ ದೃಶ್ಯ ಒಂದೇ ಸಾಕು. ಬಾಣಗಳು, ಕುದುರೆಗಳು, ಬೆಂಕಿ, ರಾಶಿ ರಾಶಿ ಹೆಣ. ಒಂದು ಕೂಗೂ ಕೇಳುವುದಿಲ್ಲ. ಎಲ್ಲ ಸದ್ದನ್ನೂ ತೆಗೆದು ಬರೀ ಆರ್ಕೆಸ್ಟ್ರಾ ಇಟ್ಟಿದ್ದಾರೆ, ಅದೂ ಯುದ್ಧದ ಸಂಗೀತವಲ್ಲ, ಅಳುವ ಸಂಗೀತ, ಮಾಹ್ಲರ್ ನೆನಪಿಗೆ ಬರುವಂಥದ್ದು. ಹಾಗೇ ಹೋಗುತ್ತಾ ಹೋಗುತ್ತಾ ಒಂದು ಗುಂಡಿನ ಸದ್ದು. ಮುದಿ ದೊರೆಯ ಹಿರಿಯ ಮಗ ಬೀಳುತ್ತಾನೆ. ಸಂಗೀತ ನಿಲ್ಲುತ್ತೆ, ಯುದ್ಧದ ಗದ್ದಲವೆಲ್ಲ ಒಮ್ಮೆಲೇ ಕಿವಿಗೆ ನುಗ್ಗುತ್ತೆ. ಎಲ್ಲಿ ನಿಲ್ಲಿಸಬೇಕು ಅನ್ನುವುದೂ ಸಂಗೀತವೇ ಅಂತ ಇದನ್ನು ನೋಡಿದ ಮೇಲೆ ಯಾರೂ ಹೇಳಿಕೊಡಬೇಕಿಲ್ಲ.

ಇಲ್ಲಿಂದ ಕೆಳಗೆ ನಂಬರ್ ಹಾಕುವುದು ಸುಮ್ನೆ ಆಟ. 1938ರಲ್ಲಿ ಬಂದ ಎರಡು ಚಿತ್ರ ಮಾತ್ರ ಬಿಡೋ ಹಾಗಿಲ್ಲ. ಒಂದು ಐಸೆನ್‌ಸ್ಟೈನ್‌ರ ‘ಅಲೆಕ್ಸಾಂಡರ್ ನೆವ್‌ಸ್ಕಿ’. ಅದಕ್ಕೆ ಪ್ರೊಕೊಫಿಯೆವ್ ಬರೆದಿದ್ದಾರೆ. ಕೆಲವು ಕಡೆ ಚಿತ್ರ ನೋಡಿ ಸಂಗೀತ, ಕೆಲವು ಕಡೆ ಸಂಗೀತಕ್ಕೆ ತಕ್ಕಂತೆ ಚಿತ್ರದ ಕತ್ತರಿ. ಮೂಲ ರೆಕಾರ್ಡಿಂಗ್ ಮಾತ್ರ ತೀರಾ ಕಳಪೆ, ಅದಕ್ಕೆ ಹೆದರಬೇಡಿ, ಮರುವರ್ಷ ಪ್ರೊಕೊಫಿಯೆವ್ ಅದನ್ನೇ ಸಂಗೀತ ಕಚೇರಿಗಾಗಿ ಕ್ಯಾಂಟಾಟಾ (ಗಾಯನ, ಆರ್ಕೆಸ್ಟ್ರಾ ಸೇರಿದ ಕೃತಿ) ಮಾಡಿದ್ದಾರೆ, ಅದನ್ನು ಕೇಳಿ. ಇನ್ನೊಂದು ಎರಿಕ್ ಕೋರ್ನ್‌ಗೋಲ್ಡ್ ಸಂಗೀತದ ‘ದಿ ಅಡ್ವೆಂಚರ್ಸ್ ಆಫ್ ರಾಬಿನ್ ಹುಡ್’. ಕೋರ್ನ್‌ಗೋಲ್ಡ್ ವಿಯೆನ್ನಾದ ಯಹೂದಿ. ಈ ಚಿತ್ರಕ್ಕೆ ಅಂತ ಹಾಲಿವುಡ್‌ಗೆ ಬಂದಿದ್ದಾಗ, ಆ ಮಾರ್ಚ್‌ನಲ್ಲಿ, ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿಹಾಕಿದ. ರಾಬಿನ್ ಹುಡ್ ನನ್ನ ಜೀವ ಉಳಿಸಿದ ಅಂತ ಅವರು ಹೇಳುತ್ತಿದ್ದರು. ‘ಸ್ಟಾರ್ ವಾರ್ಸ್’ ಇಷ್ಟಪಡುವವರು ಇದನ್ನು ಕೇಳಿದರೆ ವಿಲಿಯಮ್ಸ್ ಎಲ್ಲಿಂದ ಬಂದರು ಅಂತ ಅರ್ಥವಾಗುತ್ತೆ.

‘ಲಾರೆನ್ಸ್ ಆಫ್ ಅರೇಬಿಯಾ’ದ ಮರುಭೂಮಿಯ ಧುನಿ ಭವ್ಯವೇ, ಆದರೆ ಅದೇ ಧುನಿ ಮತ್ತೆ ಮತ್ತೆ ಬಂದು ನನಗೆ ಸಾಕಾಗುತ್ತೆ. ‘ಇ.ಟಿ.’ (1982) ಚಿತ್ರದ ಕೊನೆಯ ಭಾಗ ಇನ್ನೂ ಮೇಲೆ ಇರಬೇಕಿತ್ತೇನೋ. ಚಿತ್ರದ ಅಳತೆಗೆ ಸರಿಯಾಗಿ ನುಡಿಸೋಕೆ ವಿಲಿಯಮ್ಸ್ ಒದ್ದಾಡುತ್ತಿದ್ದಾಗ, ತೆರೆ ಆಫ್ ಮಾಡಿ ಕಚೇರಿಯಲ್ಲಿ ನುಡಿಸುವ ಹಾಗೆ ನುಡಿಸಿ ಅಂತ ಹೇಳಿ, ಆಮೇಲೆ ಸ್ಪೀಲ್‌ಬರ್ಗ್ ಚಿತ್ರವನ್ನೇ ಸಂಗೀತಕ್ಕೆ ಹೊಂದಿಸಿ ಕತ್ತರಿಸಿದರು.

ಹಾನ್ಸ್ ಝಿಮ್ಮರ್ ಎಲ್ಲಿ ಅಂತ ಕೇಳೇ ಕೇಳುತ್ತೀರಿ. ಅವರ ಹೆಚ್ಚಿನ ಕೆಲಸದಲ್ಲಿ ಆರ್ಕೆಸ್ಟ್ರಾ, ಸಿಂಥಸೈಸರ್ ಎರಡೂ ಬೆರೆತಿರುತ್ತವೆ, ಈ ಪಟ್ಟಿಗೆ ಎಳೆದು ತರುವುದು ಅವರಿಗೇ ಅನ್ಯಾಯ. ಒಂದೇ ಒಂದು ಆರಿಸಿ ಅಂದರೆ ‘ಇಂಟರ್‌ಸ್ಟೆಲ್ಲರ್’ (2014). ಅದರಲ್ಲಿ ಲಂಡನ್ನಿನ ಟೆಂಪಲ್ ಚರ್ಚಿನ ಪೈಪ್ ಆರ್ಗನ್ ಉಸಿರಾಡುವುದು ಕೇಳುತ್ತೆ.

ಇಳಯರಾಜಾ ವಿಷಯ ಬೇರೆ. ಪ್ರತಿ ವಾದ್ಯದ ಭಾಗವನ್ನೂ ತಾವೇ ಸ್ಟಾಫ್ ನೊಟೇಶನ್‌ನಲ್ಲಿ (ಪಾಶ್ಚಾತ್ಯ ಸ್ವರಲಿಪಿ) ಬರೆಯುವ, 2025ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ರಾಯಲ್ ಫಿಲ್ಹಾರ್ಮೋನಿಕ್ ಆರ್ಕೆಸ್ಟ್ರಾದಿಂದ ತಮ್ಮ ಸಿಂಫನಿ ನುಡಿಸಿದವರನ್ನು ಬಿಟ್ಟು ಆರ್ಕೆಸ್ಟ್ರಾ ಪಟ್ಟಿ ಮಾಡುವುದು ಕಷ್ಟವೇ. ತೊಂದರೆ ಇರುವುದು ಕೇಳುವುದರಲ್ಲಿ. ಅವರ ಹಾಡುಗಳು ಎಲ್ಲೆಂದರಲ್ಲಿ ಸಿಗುತ್ತವೆ, ಹಿನ್ನೆಲೆ ಸಂಗೀತ ಪ್ರತ್ಯೇಕವಾಗಿ ಬಿಡುಗಡೆಯಾಗಿದ್ದು ಕಡಿಮೆ. ಸಂಭಾಷಣೆಯ ಅಡಿಯಲ್ಲಿ ಸಿಕ್ಕಿಕೊಂಡಿರುವುದನ್ನು ಹೆಕ್ಕಿ ಹೆಕ್ಕಿ ಕೇಳಬೇಕು. ‘ವರ್ಟಿಗೊ’ವನ್ನಾದರೆ ಆಲ್ಬಂ ಹಾಕಿಕೊಂಡು ಶುರುವಿನಿಂದ ಕೊನೆಯವರೆಗೆ ಕೇಳಬಹುದು. ಮೊದಲು ‘ಸೀನ್ ದಾಮೂರ್’ ಅನ್ನುವ ಟ್ರ್ಯಾಕ್ ಹಾಕಿ, ಅದೇ ಆ ಹೋಟೆಲ್ ರೂಮಿನ ಸಂಗೀತ.